ಸಾಕ್ಷಿ ಹೇಳಿದ ಕೆನ್ನೆ

ಆ ಊರಿನ ಕ್ಷೌರದಂಗಡಿಯಲ್ಲಿ ಕೇರಿಯವರ ಗಡ್ಡ ಮುಟ್ಟುವುದಿಲ್ಲ. ಅಪ್ಪಂದಿರ ಕಾಲದಲ್ಲಿ ಮುಟ್ಟುತ್ತಿರಲಿಲ್ಲ, ಈಗಲೂ ಮುಟ್ಟುವುದಿಲ್ಲ. ಇದು ಅನ್ಯಾಯ ಎಂದು ಮಾಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದೇ ಅಂಗಡಿಯಲ್ಲಿ ವಾರಕ್ಕೊಮ್ಮೆ ಗಡ್ಡ ತೆಗೆಸಿಕೊಳ್ಳುವ ಶಿಷ್ಯನೊಬ್ಬ ಗುರುಗಳ ಮುಂದೆ ಬಂದು ಕೂತ.

"ನೋಡಿ ನೋಡಿ ನನಗೆ ಸಾಕಾಯಿತು ಗುರುಗಳೇ," ಎಂದ. "ಅಂಗಡಿಯವನಿಗೆ ಹೇಳಿ ನೋಡಿದೆ, ಕೇಳಲಿಲ್ಲ. ಜಗಳ ತೆಗೆದರೆ ಊರು ಎರಡಾಗುತ್ತದೆ. ಅದಕ್ಕೆ ನನ್ನ ಸ್ವಂತ ಖರ್ಚಿನಲ್ಲಿ ಕೇರಿಯ ಮನೆಮನೆಗೂ ಒಂದೊಂದು ರೇಜರು ಕೊಡಿಸೋಣ ಅಂತಿದ್ದೇನೆ. ಅವರ ಗಡ್ಡ ಅವರೇ ತೆಗೆದುಕೊಳ್ಳಲಿ, ಯಾರ ಹಂಗೂ ಬೇಡ. ಇದು ಒಳ್ಳೆಯ ಕೆಲಸ ತಾನೆ?"

ಗುರುಗಳು ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಕೇರಿಯಲ್ಲಿ ಒಬ್ಬ ಗುಜರಿಯವನಿದ್ದ. ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಸುತ್ತಲ ಊರುಗಳಲ್ಲಿ ಹಳೆ ಕಬ್ಬಿಣ, ಹಿತ್ತಾಳೆ, ತಗಡು ಕೊಂಡು ಪೇಟೆಯ ಗುಜರಿ ಅಂಗಡಿಗೆ ಹಾಕುವುದು ಅವನ ಬದುಕು. ಮಿತವಾಗಿ ಮಾತಾಡುವವನು. ಯಾರ ಗೊಡವೆಗೂ ಹೋಗದವನು.

ಅವನ ಗಡ್ಡ ಒರಟು. ಪೇಟೆಗೆ ಹೋದಾಗ, ಯಾರಿಗೂ ಅವನ ಗುರುತಿಲ್ಲದ ಒಂದು ಅಂಗಡಿಯಲ್ಲಿ ತೆಗೆಸಿಕೊಂಡು ಬರುತ್ತಿದ್ದ. ಅಲ್ಲೂ 'ಯಾವೂರು, ಯಾರ ಪೈಕಿ' ಎಂದು ಕೇಳಿಬಿಟ್ಟಾರು ಎಂಬ ಅಂಜಿಕೆಯಲ್ಲಿ, ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ನಿದ್ದೆ ಬಂದವನಂತೆ ಕಣ್ಣು ಮುಚ್ಚಿರುತ್ತಿದ್ದ. ತನ್ನೂರಿನ ಅಂಗಡಿಯ ಮೆಟ್ಟಿಲನ್ನು ಮಾತ್ರ ಅವನು ಎಂದೂ ಹತ್ತಿದವನಲ್ಲ. ಅಪ್ಪ ಹತ್ತಿರಲಿಲ್ಲ, ಹಾಗಾಗಿ ಮಗನೂ ಹತ್ತಲಿಲ್ಲ. 'ಬರಬೇಡ' ಎಂದು ಅವನಿಗೆ ಯಾರೂ ಹೇಳಬೇಕಾಗಿಯೇ ಬಂದಿರಲಿಲ್ಲ.

ಒಂದು ಸಲ ಪಾಳುಬಿದ್ದ ಗಣಿ ಬಂಗಲೆಯೊಂದರ ಸಾಮಾನು ಗುಜರಿಗೆ ಬಂತು. ಚೀಲ ಸುರುವಿದಾಗ ಒಂದು ವಿಚಿತ್ರ ವಸ್ತು ಹೊರಬಿತ್ತು. ಹಿತ್ತಾಳೆಯ ಹಿಡಿ. ಅದರ ತುದಿಯಲ್ಲಿ ಒಂದು ಪುಟ್ಟ ಬೋಗುಣಿ. ಬೋಗುಣಿಯ ಬಾಯಿಗೆ ಅಡ್ಡಲಾಗಿ ಒಂದು ಗಿಡ್ಡ ಅಲಗು. ಆ ಅಲಗಿಗೆ ಒಂದೇ ಕಡೆ ಹರಿತ, ಇನ್ನೊಂದು ಕಡೆ ಚಾಕುವಿನಂಥ ದಪ್ಪ ಬೆನ್ನು.

"ಇದೇನು ಸಾಬರೇ?" ಎಂದು ಗುಜರಿ ಅಂಗಡಿಯ ಯಜಮಾನರನ್ನು ಕೇಳಿದ.

"ಗಡ್ಡ ಹೆರೆಯೋದು ಕಣಪ್ಪಾ. ದೊರೆಗಳ ಕಾಲದ ಸೇಫ್ಟಿ ರೇಜರು. ಒಂದಲಗಿಂದು. ಬೋಗುಣಿ ಇರೋದು ನೊರೆ ಹಿಡಿಯೋಕೆ. ತಗೊಂಡು ಹೋಗು. ತಕ್ಕಡೀಲಿಟ್ಟರೆ ಮುಳ್ಳೂ ಅಲ್ಲಾಡಲ್ಲ."

ಗುಜರಿಯವನು ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದ. ಅಲಗನ್ನು ಕಲ್ಲಿಗೆ ಮಸೆದ, ಹಳೆ ಬೆಲ್ಟಿನ ಚರ್ಮಕ್ಕೆ ತೀಡಿದ. ಗೋಡೆಗೆ ಕನ್ನಡಿ ನೇತುಹಾಕಿ ಮೊದಲ ಸಲ ತನ್ನ ಗಡ್ಡ ತಾನೇ ತೆಗೆದ. ಅಲ್ಲಲ್ಲಿ ಗೀರಿತು, ಆದರೂ ಗಡ್ಡ ಹೋಯಿತು. ಯಾರೂ ಅವನನ್ನು ಯಾವೂರು ಎಂದು ಕೇಳಲಿಲ್ಲ. ಕನ್ನಡಿಯ ಮುಂದೆ ನಿಂತು ಅವನು ಗಟ್ಟಿಯಾಗಿ ನಕ್ಕ. ಒಳಗಿನಿಂದ ಹೆಂಡತಿ, "ಏನಾಯ್ತು?" ಎಂದು ಕೂಗಿದಳು. "ಏನಿಲ್ಲ, ಪೇಟೆ ಅಂಗಡಿಯವನ ಋಣ ಹರೀತು," ಎಂದ.

ಒಂದು ಬೆಳಿಗ್ಗೆ ಸೈಕಲ್ ತುಳಿಯುತ್ತ ಊರಿನ ಕ್ಷೌರದಂಗಡಿಯ ಮುಂದೆ ಹೋಗುತ್ತಿದ್ದ. ಅಂಗಡಿಯವನೂ ಬಡವನೇ. ಅವನನ್ನೂ ಊರವರು ಮದುವೆ ಮನೆಯ ಪಂಕ್ತಿಯ ಕೊನೆಯಲ್ಲೇ ಕೂರಿಸುವುದು. ಅವನು ಬಾಗಿಲಲ್ಲಿ ನಿಂತು ಕೂಗಿದ: "ಏನಣ್ಣ ಗುಜರಿ, ಕೆನ್ನೆ ಕಂಚಿನ ತಟ್ಟೆ ಆಗೈತಲ್ಲ! ಯಾರ ಕೈಗೆ ಕೊಟ್ಟಿದ್ದೆ?"

"ಯಾರಿಗೂ ಇಲ್ಲ. ಸೇಫ್ಟಿ ರೇಜರು ಇಟ್ಟುಕೊಂಡಿದೀನಿ."

"ಒಳ್ಳೇದಾಯ್ತು ಬಿಡು. ನಿಂಗೂ ಸೇಫ್ಟಿ, ನಂಗೂ ಸೇಫ್ಟಿ, ಊರಿಗೂ ಸೇಫ್ಟಿ!"

ಬೆಂಚಿನ ಮೇಲೆ ಸರದಿಗೆ ಕೂತಿದ್ದವರು ನಕ್ಕರು. ಗುಜರಿಯವನೂ ನಕ್ಕ. ಆ ನಗುವಿನಲ್ಲಿ ಅವನು ಏನನ್ನು ಒಪ್ಪಿಕೊಂಡ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಅಲ್ಲಿಂದ ಮುಂದೆ ಅವನ ಕಣ್ಣು ಗುಜರಿಯ ರಾಶಿಯಲ್ಲಿ ಅದೊಂದನ್ನೇ ಹುಡುಕತೊಡಗಿತು. ಗಣಿ ಸೀಮೆಯ ಹಳೆ ಬಂಗಲೆಗಳು ಒಂದೊಂದಾಗಿ ಬರಿದಾಗುತ್ತಿದ್ದವು. ಇನ್ನೊಂದು ರೇಜರು ಸಿಕ್ಕಿತು. ಅದರ ತಲೆ ಸುಣ್ಣದ ಡಬ್ಬಿಯ ಮುಚ್ಚಳದಂತೆ ತೆರೆಯುತ್ತಿತ್ತು, ಅಲಗಿನ ಕೆಳಗೆ ಬಾಚಣಿಗೆಯ ಹಲ್ಲುಗಳಿದ್ದವು. ಮತ್ತೊಂದರ ಹಿಡಿಯ ಬುಡ ತಿರುಗಿಸಿದರೆ ತಲೆ ಹಕ್ಕಿಮರಿಯ ಬಾಯಿಯಂತೆ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಒಳಗೆ ರೇಜರಿದ್ದ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರ ಒಂದು ಮುಚ್ಚಳದೊಳಗೆ ಮಸೆಗಲ್ಲು, ಇನ್ನೊಂದರೊಳಗೆ ಚರ್ಮ. ಹಿಡಿ ಹಿಂದೆ ಮುಂದೆ ಎಳೆದರೆ ಅಲಗು ಒಳಗೇ ಕಟಕಟ ಎಂದು ಮಗುಚಿ ಮಗುಚಿ ಹರಿತಗೊಳ್ಳುತ್ತಿತ್ತು. ಹಳೆ ಅಲಗು ಸವೆದವಕ್ಕೆ ಪೇಟೆಯ ಹೊಸ ಬ್ಲೇಡನ್ನು ಉದ್ದಕ್ಕೆ ಅರ್ಧ ಮುರಿದು, ತಗಡು ಮಡಿಸಿ ಬೆನ್ನು ಕೊಟ್ಟು ಕೂರಿಸುವುದನ್ನು ಅವನೇ ಕಂಡುಕೊಂಡ.

ಇದ್ದದ್ದು ಒಂದೇ ಮುಖ. ಹಾಗಾಗಿ ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಮುಂದಿನ ಸಲ ಕೆನ್ನೆ ಅದಲುಬದಲು. ಹಿಡಿಯನ್ನು ಎಷ್ಟು ಇಳಿಸಿದರೆ ತಲೆ ಕೆನ್ನೆಗೆ ಅಂಟಿಕೊಂಡು ಹೋಗುತ್ತದೆ, ಎಷ್ಟು ಎತ್ತಿದರೆ ಚರ್ಮ ಕಚ್ಚುತ್ತದೆ, ನೋಡುತ್ತಿದ್ದ. ಕಿವಿಗೊಟ್ಟು ಕೇಳುತ್ತಿದ್ದ. ಒಂದಲಗಿನ ಕತ್ತಿ ಗಡ್ಡ ತೆಗೆಯುವಾಗ ಒಣಹುಲ್ಲು ಕೊಯ್ದಂಥ ಸದ್ದು ಬರುತ್ತದೆ. ಸದ್ದು ಸಣ್ಣದಾದರೆ ಬುಡ ಸಿಕ್ಕಿತು ಎಂದು ಲೆಕ್ಕ. ಕೊನೆಗೆ ಪಟಿಕದ ಕಲ್ಲು ಒದ್ದೆ ಮಾಡಿ ಎರಡೂ ಕಡೆ ಸವರುತ್ತಿದ್ದ. ಎಲ್ಲಿ ಹೆಚ್ಚು ಉರಿಯುತ್ತದೋ ಆ ಕಡೆಯ ರೇಜರು ಸೋತಿತು.

ತಪ್ಪೇನು ಇದರಲ್ಲಿ? ಏನೂ ಇಲ್ಲ. ಕೈಗೆ ಒಂದು ಒಳ್ಳೆಯ ಹತಾರ ಸಿಕ್ಕರೆ ಮನುಷ್ಯನಿಗೆ ಖುಷಿಯಾಗುತ್ತದೆ. ಆದರೆ ದಿನವೂ ತನ್ನ ಕೆನ್ನೆಯನ್ನೇ ನೋಡಿಕೊಂಡವನಿಗೆ ಪಕ್ಕದವನ ಕೆನ್ನೆ ಮರೆಯುತ್ತದೆ. ಕೇರಿಯ ಉಳಿದ ಗಂಡಸರು ಗಡ್ಡ ಬಿಟ್ಟುಕೊಂಡೋ, ಪೇಟೆಗೆ ನಡೆದೋ ಕಾಲ ಹಾಕುತ್ತಿದ್ದರು. ಅಂಗಡಿಯ ವಿಷಯ ಬಂದಾಗ ಗುಜರಿಯವನು, "ಅವನು ತೆಗೆಯೋ ಗಡ್ಡ ಯಾವ ದೊಡ್ಡ ಗಡ್ಡ ಬಿಡ್ರಯ್ಯಾ," ಎನ್ನುತ್ತಿದ್ದ.

ಅವನಿಗೊಬ್ಬ ಬಾಮೈದನಿದ್ದ, ಹೆಂಡತಿಯ ತಮ್ಮ. ಕಲ್ಲು ಒಡೆಯುವವನು. ಅದೇ ಕೇರಿಯಲ್ಲಿ ಅವನ ಮನೆ. ಇಬ್ಬರೂ ಸೇರಿದರೆ ಒಬ್ಬರ ಕಾಲು ಒಬ್ಬರು ಎಳೆಯದೆ ಅನ್ನ ಇಳಿಯುತ್ತಿರಲಿಲ್ಲ. ಬಾಮೈದನಿಗೆ ಮದುವೆ ಗೊತ್ತಾಯಿತು.

ಮದುವೆಯಲ್ಲಿ ಮದುಮಗನಿಗೆ ಚೌರದ ಶಾಸ್ತ್ರ ಎಂದಿದೆ. ಅರಿಶಿನ ಹಚ್ಚುವ ಮುಂಚೆ ಮಣೆಯ ಮೇಲೆ ಕೂರಿಸಿ ಗಡ್ಡ ತೆಗೆಯಬೇಕು. ಊರೊಳಗಿನ ಮದುವೆಗಳಿಗೆ ಅಂಗಡಿಯವನೇ ಬಂದು ಮಾಡುತ್ತಾನೆ. ಕೇರಿಗೆ ಅವನು ಬರುವುದಿಲ್ಲ. ಹಾಗಾಗಿ ಕೇರಿಯಲ್ಲಿ ಅದನ್ನು ಭಾವ ಮಾಡುತ್ತಾನೆ. ಭಾವನಿಗೆ ಎಲೆ ಅಡಿಕೆ ಕೊಟ್ಟು, ರುಮಾಲು ಸುತ್ತಿ, ಹೆಂಗಸರು ಹಾಡು ಹೇಳುತ್ತಾರೆ. ಅದು ಭಾವನಿಗೆ ಸಲ್ಲುವ ಗೌರವ ಎಂದು ಕೇರಿಯವರೆಲ್ಲ ನಂಬಿದ್ದರು. ಊರು ಬಾಗಿಲು ಮುಚ್ಚಿದ್ದಕ್ಕೆ ಇವರು ಹಾಡು ಕಟ್ಟಿ ರುಮಾಲು ಸುತ್ತಿದ್ದರು. ಯಾವ ತಾತ ಯಾವ ಅವಮಾನ ತಾಳಲಾರದೆ ಇದನ್ನು ಶುರು ಮಾಡಿದನೋ, ಈಗ ಅದು ಯಾರಿಗೂ ನೆನಪಿರಲಿಲ್ಲ.

ಬಾಮೈದ ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತ.

"ಭಾವ, ನಾನು ಅಂಗಡೀಲಿ ಗಡ್ಡ ತೆಗೆಸ್ಕೋತೀನಿ. ನಮ್ಮೂರ ಅಂಗಡೀಲಿ."

"ಹುಚ್ಚು ಹಿಡೀತಾ? ಮದುವೆಗೆ ಮುಂಚೆ ಹಿಡಿಯೋದು ಅಪರೂಪ. ಆಮೇಲೆ ಹಿಡಿಯೋದು ಎಲ್ಲಾರಿಗೂ ಇದ್ದದ್ದೇ."

"ತಮಾಷೆ ಬೇಡ. ಆ ಅಂಗಡಿಗೆ ಪಾಯ ಹಾಕಿದ ಕಲ್ಲು ನಾನು ಒಡೆದಿದ್ದು. ಕಲ್ಲು ಒಳಗೆ ಹೋಯ್ತು, ನಾನು ಹೋಗಂಗಿಲ್ಲ. ಮದುಮಗನ್ನ ಎಬ್ಬಿಸೋಕೆ ಯಾರಿಗೂ ಬಾಯಿ ಬರಲ್ಲ. ನೀನು ಜೊತೆಗೆ ಬಾ. ಊರೂರು ತಿರುಗೋನು, ನಾಲ್ಕು ಜನ ನಿನ್ನ ಮಾತು ಕೇಳ್ತಾರೆ."

ಗುಜರಿಯವನಿಗೆ ಭಯವಾಯಿತೆ? ಸ್ವಲ್ಪ ಆಗಿರಬಹುದು. ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಬೇಸರವಾಯಿತು. ಮದುಮಗನ ಕೆನ್ನೆಗೆ ಯಾವುದು ತಕ್ಕದ್ದು ಎಂದು ಅವನು ಆಗಲೇ ಹುಡುಕುತ್ತಿದ್ದ. ಎಲ್ಲವನ್ನೂ ಸೋಲಿಸಿ ಎರಡು ರೇಜರು ಉಳಿದಿದ್ದವು, ಬಾಚಣಿಗೆ ಹಲ್ಲಿನದು ಮತ್ತು ಪೆಟ್ಟಿಗೆಯದು.

"ಅಂಗಡಿಯವನದು ಅರ್ಧ ಬ್ಲೇಡಿನ ಕತ್ತಿ ಕಣೋ. ನನ್ನ ಹತ್ರ ದೊರೆಗಳು ಹೆರೆದುಕೊಂಡ ರೇಜರೈತೆ. ಗಲಾಟೆ ಯಾಕೆ? ಸುಮ್ನೆ ಮಣೆ ಮೇಲೆ ಕೂತ್ಕೋ. ನಿನ್ನ ಹೆಂಡತಿ ನಿನ್ನ ಕೆನ್ನೆ ಬಿಟ್ಟು ಕೈ ತೆಗೀಬಾರದು, ಹಂಗೆ ತೆಗೀತೀನಿ."

"ನಾನು ಕೇಳಿದ್ದು ರೇಜರಲ್ಲ ಭಾವ," ಎಂದು ಬಾಮೈದ ಎದ್ದು ಹೋದ.

ಮರುದಿನ ಬೆಳಿಗ್ಗೆ, ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ, ಬಾಮೈದ ಒಬ್ಬನೇ ಹೋಗಿ ಕುರ್ಚಿಯಲ್ಲಿ ಕೂತ. ಬೇರೆ ಯಾರೂ ಬಂದಿರಲಿಲ್ಲ. ಅಂಗಡಿಯವನು ಕೈ ಮುಗಿದ. "ಬೇಡ ಕಣಪ್ಪಾ. ನಾಳೆಯಿಂದ ಊರವರು ಯಾರೂ ಬರಲ್ಲ. ನನ್ನ ಹೊಟ್ಟೆ ಮೇಲೆ ಹೊಡೀಬೇಡ," ಎಂದ. "ಮದುಮಗ ನಾನು. ಎಬ್ಬಿಸಂಗಿದ್ರೆ ಎಬ್ಬಿಸಣ್ಣ," ಎಂದ ಬಾಮೈದ. ಅಂಗಡಿಯವನು ಬೀದಿಯ ಎರಡೂ ಕಡೆ ನೋಡಿದ. ಬಟ್ಟೆ ಹೊದಿಸಿದ. ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಯಿತು. ಅಷ್ಟರಲ್ಲಿ ಊರಿನ ನಾಲ್ಕು ಜನ ಬಂದು ಬಾಗಿಲಲ್ಲಿ ನಿಂತರು. ಅಂಗಡಿಯವನ ಕೈ ನಿಂತಿತು. ಅವರಲ್ಲೊಬ್ಬ ಒಳಗೆ ಬಂದು ಬಟ್ಟೆ ಕಿತ್ತು, "ಏಳೋ," ಎಂದ. ಹೊಡೆಯಲಿಲ್ಲ, ಬಡಿಯಲಿಲ್ಲ. ಅಷ್ಟೇ ಸಾಕಾಯಿತು.

ಆ ಹೊತ್ತಿನಲ್ಲಿ ಗುಜರಿಯವನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದ. ಎಡಗೆನ್ನೆಗೆ ಹಲ್ಲಿನದು, ಬಲಗೆನ್ನೆಗೆ ಪೆಟ್ಟಿಗೆಯದು. ಬಾಮೈದನ ಮದುವೆಗೆಂದೇ, ಪ್ರೀತಿಯಿಂದಲೇ, ಕೊನೆಯ ಪರೀಕ್ಷೆ ಮಾಡುತ್ತಿದ್ದ.

ಬಾಮೈದ ಒಳಗೆ ಬಂದ. ಒಂದು ಕೆನ್ನೆ ಬೋಳು, ಇನ್ನೊಂದರಲ್ಲಿ ಗಡ್ಡ, ಅದರ ಮೇಲೆ ಒಣಗಿದ ನೊರೆ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಅಕ್ಕ ಬಾಯಿಗೆ ಸೆರಗು ಹಿಡಿದು ನಿಂತಳು. ಗುಜರಿಯವನು ಸಮಾಧಾನ ಹೇಳಲೆಂದು ಹತ್ತಿರ ಹೋದ. ಆದರೆ ಎಷ್ಟೋ ದಿನಗಳಿಂದ ಒಂದೇ ಕೆಲಸ ಕಲಿತ ಕೈ ಅದು. ತಾನಾಗಿ ಎದ್ದು ಬಾಮೈದನ ಬೋಳು ಕೆನ್ನೆಯ ಮೇಲೆ ಹೋಯಿತು. ಬೆರಳು ಕೆಳಗಿನಿಂದ ಮೇಲಕ್ಕೆ, ಗಡ್ಡದ ಎದುರಾಗಿ ಸವರಿತು. ಎಲ್ಲೂ ತಡೆಯಲಿಲ್ಲ. ಅವನ ಯಾವ ರೇಜರೂ ಇಷ್ಟು ಬುಡ ಮುಟ್ಟಿರಲಿಲ್ಲ.

"ಅರ್ಧ ಬ್ಲೇಡಲ್ಲಿ ಇಷ್ಟು ನುಣ್ಣಗೆ ಹೆಂಗೆ ತೆಗೆದ?" ಎಂದುಬಿಟ್ಟ.

ಬಾಮೈದ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ. "ನಿಂಗೆ ಕಾಣ್ತಿರೋದು ಇದಾ ಭಾವ?" ಎಂದ.

ಇಲ್ಲಿ ಶಿಷ್ಯ ತಡೆಯಲಾರದೆ, "ಪಾಪ, ಬಾಯಿತಪ್ಪಿ ಬಂದ ಮಾತು. ಅವನು ಯಾರಿಗೂ ಕೇಡು ಮಾಡಲಿಲ್ಲವಲ್ಲ," ಎಂದ.

"ಕೇಡು ಇನ್ನೂ ಮುಂದಿದೆ, ಕೇಳು," ಎಂದರು ಗುರುಗಳು.

ಬಾಮೈದ ತಾಲ್ಲೂಕಿಗೆ ಹೋಗಿ ದೂರು ಕೊಟ್ಟ. ಮದುವೆಗೆ ಮುಂಚೆಯೇ ಒಬ್ಬ ಅಧಿಕಾರಿ ಬಂದ. ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿ ಊರಿನವರನ್ನೂ ಕೇರಿಯವರನ್ನೂ ಕರೆಸಿದ. ಕೇರಿಯವರು ಮೊದಲ ಸಲ ಬಾಯಿ ಬಿಟ್ಟು ಹೇಳಿದರು: ನಮ್ಮನ್ನು ಮುಟ್ಟುವುದಿಲ್ಲ ಸ್ವಾಮಿ, ಗಡ್ಡ ಬಿಟ್ಟುಕೊಂಡು ತಿರುಗುತ್ತೇವೆ. ಊರ ಯಜಮಾನ ಎಲ್ಲವನ್ನೂ ಕೇಳಿಸಿಕೊಂಡ. ಅವನಿಗೆ ಸಿಟ್ಟೇ ಬರಲಿಲ್ಲ.

"ಸುಳ್ಳು ಸ್ವಾಮಿ," ಎಂದ. "ಗಡ್ಡ ಬಿಡೋರು ಸೋಮಾರಿತನಕ್ಕೆ ಬಿಡ್ತಾರೆ. ಆ ಹುಡುಗ ಸರದಿ ತಪ್ಪಿಸಿ ಕೂತಿದ್ದ, ಎಬ್ಬಿಸಿದರು. ಕೇರಿಯೋರಿಗೆ ಕಷ್ಟ ಇದ್ದಿದ್ರೆ ಇವನ ಮುಖ ಹಿಂಗಿರ್ತಿತ್ತಾ? ಏಯ್ ಗುಜರಿ, ಮುಂದಕ್ಕೆ ಬಾರಪ್ಪಾ. ಸಾಹೇಬರು ನೋಡಲಿ."

ಗುಜರಿಯವನನ್ನು ಯಾರೋ ಮುಂದಕ್ಕೆ ತಳ್ಳಿದರು. ಅಧಿಕಾರಿ ಅವನ ಕೆನ್ನೆ ನೋಡಿದ. ಅಂದು ಬೆಳಿಗ್ಗೆ ತಾನೆ ತೆಗೆದ ಗಡ್ಡ. ಇಡೀ ಜಗಲಿಯಲ್ಲಿ ಅಷ್ಟು ಚೊಕ್ಕ ಮುಖ ಇನ್ನೊಂದಿರಲಿಲ್ಲ, ಅಧಿಕಾರಿಯದೂ ಸೇರಿ.

"ನಿನ್ನನ್ನು ಯಾವತ್ತಾದರೂ ಅಂಗಡಿಯಿಂದ ವಾಪಸ್ ಕಳಿಸಿದ್ದಾರೇನಪ್ಪಾ? ನಿಜ ಹೇಳು. ಹೆದರಬೇಡ."

ಗುಜರಿಯವನು ನೆನಪಿನೊಳಗೆಲ್ಲ ತಡಕಾಡಿದ. ಒಂದೇ ಒಂದು ದಿನ ಬೇಕಿತ್ತು. ಆ ಮೆಟ್ಟಿಲು ಹತ್ತಿ, ಒಂದು ಬೈಗುಳ ತಿಂದು ಇಳಿದು ಬಂದ ಒಂದು ದಿನ. ಅದು ಇರಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

"ನಾನು ಹೋಗೇ ಇಲ್ಲ ಸ್ವಾಮಿ," ಎಂದ.

"ಯಾಕೆ ಹೋಗಿಲ್ಲ?"

ಅವನು ಬಾಯಿ ತೆರೆದ. ಹೇಳಬೇಕಾದ ಮಾತು ತಾತನ ಕಾಲದ್ದು, ಉದ್ದದ್ದು. ಅದು ನಾಲಿಗೆಗೆ ಬರುವ ಮುಂಚೆ ಅಂಗಡಿಯವನೇ, "ಮನೇಲಿ ಸೇಫ್ಟಿ ರೇಜರು ಇಟ್ಟವ್ನೆ ಸ್ವಾಮಿ, ನಮ್ಮಂಥೋರ ಕೈ ಅವನಿಗೆ ಒಗ್ಗಲ್ಲ," ಎಂದ. ಜನ ನಕ್ಕರು. ಅಧಿಕಾರಿಯೂ ನಕ್ಕ. ನಕ್ಕ ಮೇಲೆ ವಿಚಾರಣೆ ಮುಗಿಯಿತು. ಕೇರಿಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವನನ್ನು ಯಾರೂ ಬೈಯಲಿಲ್ಲ. ಅವನು ಆಡಿದ್ದು ನಿಜವನ್ನೇ. ಅವನ ಕೆನ್ನೆ ಮಾತ್ರ ಊರಿನ ಪರವಾಗಿ ಸಾಕ್ಷಿ ಹೇಳಿತ್ತು.

ಮದುವೆಯ ದಿನ ಬಾಮೈದ ಆ ಅರ್ಧ ಮುಖದಲ್ಲೇ ಮಣೆಯ ಮೇಲೆ ಕೂತ. ಹೆಂಗಸರು ಚೌರದ ಹಾಡು ಎತ್ತಿಕೊಂಡರು. ಗುಜರಿಯವನಿಗೆ ರುಮಾಲು ಸುತ್ತಿದರು. ಅವನು ನೊರೆ ಕಲಸಿ, ಗೆದ್ದ ರೇಜರನ್ನು ಹಿಡಿದು ಬಾಗಿದ. ಬಾಮೈದ ಗಡ್ಡವಿದ್ದ ಕೆನ್ನೆಯನ್ನು ಆಚೆಗೆ ತಿರುಗಿಸಿಕೊಂಡ. ಹಾಡು ಅರ್ಧಕ್ಕೆ ನಿಂತಿತು. ಹೆಣ್ಣಿನ ಕಡೆಯ ಮುದುಕಿಯೊಬ್ಬಳು, "ಇದ್ಯಾಕಪ್ಪಾ ಅಳಿಮಯ್ಯ, ಅರ್ಧ ಮುಖ ತಂದಿದ್ದೀಯ?" ಎಂದಳು.

"ಇನ್ನರ್ಧ ಅಂಗಡೀಲಿ ಉಳೀತು ಕಣಜ್ಜಿ," ಎಂದ ಬಾಮೈದ.

ಗುಜರಿಯವನ ಕೈಯಲ್ಲಿ ನೊರೆ ಆರುತ್ತಿತ್ತು.

ಆಮೇಲೆ ಒಂದು ದಿನ ಅವನು ರೇಜರುಗಳನ್ನೆಲ್ಲ ಚೀಲಕ್ಕೆ ಹಾಕಿ, ಸಾಬರ ಅಂಗಡಿಯ ತಗಡಿನ ರಾಶಿಗೆ ಸುರುವಿದ. ಗಡ್ಡ ಬಿಟ್ಟ. ಅದರಿಂದ ಯಾರಿಗೆ ಏನಾಯಿತು? ಏನೂ ಆಗಲಿಲ್ಲ. ಇನ್ನೊಂದು ದಿನ ಧೈರ್ಯ ಮಾಡಿ ಅಂಗಡಿಯ ಮೆಟ್ಟಿಲು ಹತ್ತಿದ. ಬೆಂಚಿನ ಮೇಲಿದ್ದವರು, "ಏನಣ್ಣ ಗುಜರಿ, ದೊರೆಗಳ ರೇಜರು ಮೊಂಡಾಯ್ತಾ?" ಎಂದು ಹೊಟ್ಟೆ ಹಿಡಿದು ನಕ್ಕರು. ಬೇರೆಯವರು ಹತ್ತಿದ್ದರೆ ಬೈಯುತ್ತಿದ್ದರು. ಇವನನ್ನು ಕಂಡು ನಕ್ಕರು. ಬೈದಿದ್ದರೆ ಅದಾದರೂ ಮುಂದೊಂದು ದಿನ ಹೇಳಲು ಬರುತ್ತಿತ್ತು. ಅವನು ಇಳಿದು ಬಂದ.

ಬಾಮೈದ ಈಗಲೂ ಅಕ್ಕನನ್ನು ನೋಡಲು ಆ ಮನೆಗೆ ಬರುತ್ತಾನೆ. ಜಗಳವಿಲ್ಲ. 'ಉಂಡೆಯಾ' ಎಂದರೆ 'ಉಂಡೆ' ಎನ್ನುತ್ತಾನೆ. 'ಹೊರಟೆಯಾ' ಎಂದರೆ 'ಹೂಂ' ಎನ್ನುತ್ತಾನೆ. ಭಾವನ ಕಾಲು ಮಾತ್ರ ಎಳೆಯುವುದಿಲ್ಲ. ಗುಜರಿಯವನು ಆಗೊಮ್ಮೆ ಈಗೊಮ್ಮೆ ಒಂದು ತಮಾಷೆ ಮಾಡಿ, ತಿರುಗಿ ಏನಾದರೂ ಅಂದಾನೇನೋ ಎಂದು ಕಾಯುತ್ತಾನೆ.

ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ನಾನು ರೇಜರು ಕೊಡಿಸಬಾರದೆ?"

"ಕೊಡಿಸು. ಮುಂದೊಂದು ದಿನ ಅಧಿಕಾರಿ ಬಂದಾಗ ತೋರಿಸಲು ನಿಮ್ಮೂರಿನ ಯಜಮಾನರಿಗೆ ಒಂದು ಕೇರಿಯ ತುಂಬ ನುಣ್ಣನೆ ಕೆನ್ನೆ ಸಿಗುತ್ತವೆ."

"ನಾನು ಇನ್ನೇನು ಮಾಡಲಿ ಗುರುಗಳೇ? ಅಂಗಡಿ ನನ್ನದಲ್ಲವಲ್ಲ."

"ಅಂಗಡಿ ನಿನ್ನದಲ್ಲ. ಸರದಿ ನಿನ್ನದು."

ಶಿಷ್ಯನ ಕೈ ತನ್ನ ಗಡ್ಡದ ಮೇಲೆ ಹೋಯಿತು.

"ನಾಳೆ ನಿನ್ನ ಸರದಿ ಬಂದಾಗ ಕೇರಿಯವನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸು, ಅವನ ಎರಡೂ ಕೆನ್ನೆ ಮುಗಿಯುವ ತನಕ ಬಾಗಿಲಿಗೆ ಅಡ್ಡ ನಿಲ್ಲು."